ಎರಡು ವಾರದ ಅತಿಥಿ

2016ರ ಮೇ ತಿಂಗಳಿನ ಒಂದು ಸಂಜೆ. ಮಣಿಪಾಲದಲ್ಲಿ ಓದುತ್ತಿದ್ದ ಮಗಳು ಪರೀಕ್ಷೆ ಮುಗಿಸಿ ಹಾಸ್ಟೆಲಿನಿಂದ ಕಾಪುವಿನ ನಮ್ಮ ಮನೆಗೆ ಬಂದಳು. ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಚಕ್ಕುಲಿ ತುಂಬಿಸಿ ಕೊಟ್ಟಿದ್ದ ನನ್ನ ಡಬ್ಬಿಯನ್ನು ಈ ಸಲವಾದರೂ ನೆನಪಿಟ್ಟು ತಂದಳಲ್ಲ ಎಂದು ಸಂತೋಷದಿಂದ ಕೈ ನೀಡಿದೆ. ನೋಡಿದರೆ ಅದರಲ್ಲಿ ಎರಡು ಬೆರಳು ನೀರು, ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಪ್ಲಾಸ್ಟಿಕ್ಕಿನ ತೆಂಗಿನ ಮರ. ಸುತ್ತಲೂ ತೆಂಗು ಇರುವ ಮನೆಗೆ ಪೇಟೆಯಿಂದ ತೆಂಗಿನ ಮರ ತಂದವಳನ್ನು ಕಂಡು ನಗು ಬಂತು. ನಗು ಮುಗಿಯುವ ಮೊದಲೇ ಮರದ ಬುಡದಲ್ಲಿ ಏನೋ ಅಲುಗಿತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಹಸಿರು ಆಮೆ ಕುತ್ತಿಗೆ ಚಾಚಿ ನನ್ನನ್ನೇ ನೋಡುತ್ತಿತ್ತು.

“ಅಮ್ಮಾ, ಎರಡೇ ವಾರ. ಆಮೇಲೆ ಏನಾದರೂ ವ್ಯವಸ್ಥೆ ಮಾಡ್ತೇನೆ,” ಎಂದಳು.

ಆ ಎರಡು ವಾರ ಇನ್ನೂ ಮುಗಿದಿಲ್ಲ.

ಕಥೆ ಇಷ್ಟೇ. ಅವಳ ಗೆಳತಿಯೊಬ್ಬಳು, ಉತ್ತರದ ಕಡೆಯ ಹುಡುಗಿ, ಓದು ಮುಗಿಸಿ ಊರಿಗೆ ಹೊರಟಿದ್ದಳು. ಅಕ್ವೇರಿಯಂ ಅಂಗಡಿಯಿಂದ ಎಂದೋ ಕೊಂಡಿದ್ದ ಈ ಆಮೆಯನ್ನು ರೈಲಿನಲ್ಲಿ ಒಯ್ಯುವಂತಿರಲಿಲ್ಲ. ಮಣ್ಣಪಳ್ಳಕ್ಕೆ ಬಿಟ್ಟುಬಿಡುತ್ತೇನೆ ಎಂದಳಂತೆ. ಮಣಿಪಾಲಕ್ಕೆ ಆ ಹೆಸರೇ ಬಂದದ್ದು ಈ ಮಣ್ಣಪಳ್ಳದಿಂದ ಎನ್ನುತ್ತಾರೆ; ಸಂಜೆ ಜನ ಸುತ್ತು ಹಾಕುವ ಕೆರೆ. ಇಷ್ಟು ಸಣ್ಣದನ್ನು ಅಲ್ಲಿ ಕಾಗೆಯೋ ಗಿಡುಗವೋ ಕಚ್ಚಿಕೊಂಡು ಹೋದರೆ ಎಂದು ನನ್ನ ಮಗಳ ಕರುಳು ಚುರ್ ಎಂದಿತು. ಮಕ್ಕಳ ಕರುಳು ಚುರ್ ಎಂದರೆ ಕೆಲಸ ಬೀಳುವುದು ತಾಯಂದಿರಿಗೆ. ಇದು ನಿಮಗೂ ಗೊತ್ತಿರುವ ಸಂಗತಿ.

ಗೆಳತಿ ಅದಕ್ಕೆ ರಾಜ ಎಂದು ಹೆಸರಿಟ್ಟಿದ್ದಳು. ಕಣ್ಣಿನ ಹಿಂದೆ, ಕಿವಿ ಇರಬೇಕಾದಲ್ಲಿ, ಕುಂಕುಮ ಎಳೆದಂತೆ ಒಂದು ಕೆಂಪು ಪಟ್ಟೆ. ಅದರಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ ರೆಡ್ ಇಯರ್ಡ್ ಸ್ಲೈಡರ್ ಎಂಬ ಹೆಸರು. ಬಂಡೆಯ ಮೇಲೆ ಬಿಸಿಲು ಕಾಯುತ್ತಿರುವಾಗ ಸ್ವಲ್ಪ ಸದ್ದಾದರೂ ಸರ್ರನೆ ನೀರಿಗೆ ಜಾರುತ್ತದಾದ್ದರಿಂದ ಸ್ಲೈಡರ್. ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಲಿನ ಜೌಗು, ಕೊಳಗಳು ಇದರ ತವರು. ಅಲ್ಲಿಂದ ಲಕ್ಷಗಟ್ಟಲೆ ಮರಿಗಳು ಲೋಕದ ಅಂಗಡಿಗಳಿಗೆಲ್ಲ ಹೋಗಿವೆ.

ಆಗ ಅತ್ತೆ ಇದ್ದರು. ಅವರು ಚಾವಡಿಯಿಂದಲೇ, “ಆಮೆ ಹೊಕ್ಕ ಮನೆ ಉದ್ಧಾರ ಆಗುವುದಿಲ್ಲ ಮಾರಾಯ್ತಿ,” ಎಂದರು. ಇವರು, “ಈಗ ಎಲ್ಲರೂ ಮನೆಯಲ್ಲಿ ಹಿತ್ತಾಳೆಯ ಆಮೆ ತಟ್ಟೆಯಲ್ಲಿ ಇಡ್ತಾರಲ್ಲ ಅಮ್ಮ, ವಾಸ್ತುವಿಗೆ ಒಳ್ಳೆಯದಂತೆ,” ಎಂದು ಸಮಾಧಾನ ಹೇಳಿದರು. “ಹಿತ್ತಾಳೆಯದಕ್ಕೆ ಹೊಟ್ಟೆ ಇಲ್ಲ,” ಎಂದರು ಅತ್ತೆ. ಆ ಮಾತಿನಲ್ಲಿ ಎಷ್ಟು ಸತ್ಯವಿತ್ತೆಂಬುದು ನನಗೆ ಮುಂದೆ ತಿಳಿಯಿತು.

ಆಮೆ ನನಗೆ ಹೊಸದೇನೂ ಅಲ್ಲ. ಕಾರ್ಕಳದ ನನ್ನ ತವರುಮನೆಯ ಬಾವಿಯಲ್ಲಿ ಒಂದು ಕರಿಯಾಮೆ ಇತ್ತು. ಮಳೆಗಾಲದಲ್ಲಿ ಗದ್ದೆಯ ಬದುವಿನಲ್ಲಿ ಸಿಕ್ಕಿದ್ದನ್ನು ಅಪ್ಪ ತಂದು ಬಿಟ್ಟಿದ್ದರು. ಬಾವಿಯಲ್ಲಿ ಆಮೆ ಇದ್ದರೆ ನೀರು ಚೊಕ್ಕಟವಾಗಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರದೂ. ಕೊಡಪಾನ ಇಳಿಸಿದಾಗ ಕೆಳಗೆ ಒಂದು ನೆರಳು ಸರಿಯುತ್ತಿತ್ತು. ಅದು ಏನು ತಿನ್ನುತ್ತದೆ, ಬಿಸಿಲು ಎಲ್ಲಿ ಕಾಯುತ್ತದೆ ಎಂದು ನಾವು ಒಂದು ದಿನವೂ ಕೇಳಿದವರಲ್ಲ. ನಮ್ಮ ನಾಡಿನ ಆಮೆಗಳನ್ನು ಹಾಗೆ ಹಿಡಿದು ತರುವುದು ಈಗ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಂದಿನ ನಮ್ಮ ಅಜ್ಞಾನವನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ.

ಅಜ್ಞಾನ ಅಷ್ಟಕ್ಕೇ ಮುಗಿಯಲಿಲ್ಲ. ರಾಜನ ಡಬ್ಬಿಯ ಜೊತೆ ಒಂದು ಸೀಸೆ ಬಂದಿತ್ತು, ಒಣಗಿಸಿದ ಸಣ್ಣ ಸಿಗಡಿ. ನಮ್ಮದು ಸಸ್ಯಾಹಾರದ ಮನೆ. ಮೂಗು ಮುಚ್ಚಿಕೊಂಡು ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು ಹಾಕುತ್ತಿದ್ದೆ. ಡಬ್ಬಿಯನ್ನು ಗಾಜಿನ ಕಿಟಕಿಯ ಒಳಬದಿಗೆ ಇಟ್ಟಿದ್ದೆ, ಬಿಸಿಲು ಬೀಳಲೆಂದು. ಮಳೆ ಹಿಡಿಯಿತು. ಆಗಸ್ಟಿನ ಹೊತ್ತಿಗೆ ರಾಜ ಕಣ್ಣು ಮುಚ್ಚಿಯೇ ಇರತೊಡಗಿದ. ರೆಪ್ಪೆ ಊದಿ ಬಟಾಣಿಯಷ್ಟಾಯಿತು. ತಿನ್ನುವುದು ನಿಂತಿತು. ಮುಟ್ಟಿದರೆ ಚಿಪ್ಪಿನ ಅಂಚು ಹಳೆಯ ಹಪ್ಪಳದಂತೆ ಮೆತ್ತಗೆ.

ಎರಡು ವಾರದ ಅತಿಥಿ ನಮ್ಮ ಮನೆಯಲ್ಲಿ ಸಾಯಬಾರದಲ್ಲ. ಶಾಲೆಗೆ ಅರ್ಧ ದಿನ ರಜೆ ಹಾಕಿ ಉಡುಪಿಯ ಪಶುವೈದ್ಯರ ಹತ್ತಿರ ಒಯ್ದೆ. ದನ, ನಾಯಿಗಳ ಸಾಲಿನಲ್ಲಿ ಡಬ್ಬಿ ಹಿಡಿದು ಕುಳಿತ ನನ್ನನ್ನು ಎಲ್ಲರೂ ಕುತೂಹಲದಿಂದ ನೋಡಿದರು. ಯುವ ಡಾಕ್ಟರು ನಗಲಿಲ್ಲ. ಆಮೆಯನ್ನು ಬೆಳಕಿಗೆ ಹಿಡಿದು, “ಏನು ಕೊಡ್ತೀರಿ ಟೀಚರ್?” ಎಂದರು. ಹೇಳಿದೆ. “ಬಿಸಿಲು?” ಎಂದರು. ಕಿಟಕಿ ಎಂದೆ. ಆಮೇಲೆ ಅವರು ಕಾಲು ಗಂಟೆ ನನಗೆ ಪಾಠ ಮಾಡಿದರು. ಮೂವತ್ತು ವರ್ಷದ ಹತ್ತಿರ ಹತ್ತಿರ ಪಾಠ ಮಾಡಿದ ನಾನು ವಿದ್ಯಾರ್ಥಿನಿಯ ಹಾಗೆ ಕೇಳಿದೆ.

ಒಣ ಸಿಗಡಿಯೊಂದನ್ನೇ ತಿಂದರೆ ಎ ಜೀವಸತ್ವ ಸಿಗುವುದಿಲ್ಲ. ಕಣ್ಣು ಊದುವುದು ಅದರಿಂದ. ಚಿಪ್ಪು ಎಂದರೆ ಮೂಳೆ. ಮೂಳೆಗೆ ಸುಣ್ಣದ ಅಂಶ ಬೇಕು, ಅದನ್ನು ಮೈ ಹಿಡಿದುಕೊಳ್ಳಬೇಕಾದರೆ ಡಿ ಜೀವಸತ್ವ ಬೇಕು, ಆ ಜೀವಸತ್ವ ತಯಾರಾಗಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಆ ಕಿರಣವನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ. ಬೆಳಕು ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಇನ್ನು ನಮ್ಮಂತೆ ಆಮೆಗೆ ಮೈಯೊಳಗಿನ ಬಿಸಿ ಇಲ್ಲ. ಹೊರಗಿನ ಶಾಖ ಸಿಕ್ಕರೆ ಮಾತ್ರ ತಿಂದದ್ದು ಕರಗುತ್ತದೆ. ಆದ್ದರಿಂದ ಈಜಲು 25 ಡಿಗ್ರಿಯ ಆಸುಪಾಸಿನ ನೀರು, ಮೈ ಒಣಗಿಸಿಕೊಳ್ಳಲು 30ರಿಂದ 35 ಡಿಗ್ರಿಯ ಒಣ ಜಾಗ, ಎರಡೂ ಇರಬೇಕು. ತನಗೆ ಯಾವಾಗ ಯಾವುದು ಬೇಕೋ ಅಲ್ಲಿಗೆ ಅದೇ ಹೋಗಬೇಕು. “ನೀವು ಇಟ್ಟಿರುವುದು ಮನೆಯಲ್ಲ ಟೀಚರ್, ಪಾರ್ಸೆಲ್ ಡಬ್ಬಿ,” ಎಂದರು. ನನಗೆ ನಾಚಿಕೆಯಾಯಿತು.

ಔಷಧಿಯಿಂದ ಮೂರು ವಾರದಲ್ಲಿ ಕಣ್ಣು ಬಿಟ್ಟಿತು. ನಾನೂ ಕಣ್ಣು ಬಿಟ್ಟೆ. ಮೂರು ಅಡಿಯ ಹಳೆಯ ಗಾಜಿನ ತೊಟ್ಟಿಯೊಂದನ್ನು ಕೊಂಡೆವು. ಒಂದು ಮಂಗಳೂರು ಹೆಂಚನ್ನು ಓರೆಯಾಗಿ ಇಟ್ಟು ಹತ್ತುವ ದಾರಿ ಮಾಡಿದೆ. ಹೆಂಚಿನ ಮೇಲೆ ಬಿಸಿಗೆ ಒಂದು ಬಲ್ಬು, ಪಕ್ಕದಲ್ಲಿ ಅತಿನೇರಳೆ ಕಿರಣದ ಕೊಳವೆ ದೀಪ. ಆ ದೀಪದ ಒಂದು ಮೋಸವನ್ನೂ ಕಲಿತೆ: ವರ್ಷವಾಗುವಾಗ ಅದರಿಂದ ಬೆಳಕು ಮೊದಲಿನ ಹಾಗೆಯೇ ಬರುತ್ತಿರುತ್ತದೆ, ಕಿರಣ ಮಾತ್ರ ಮುಗಿದಿರುತ್ತದೆ. ಆದ್ದರಿಂದ ಪ್ರತಿ ಮೇ ಕೊನೆಗೆ, ಮಳೆಗೆ ಮೊದಲು, ಹೊಸದು ಹಾಕಬೇಕು. ಜೂನಿನಿಂದ ನಾಲ್ಕು ತಿಂಗಳು ನಮ್ಮೂರಿನಲ್ಲಿ ಸೂರ್ಯ ದೇವರ ಉತ್ಸವ ಮೂರ್ತಿಯ ಹಾಗೆ, ಅಪರೂಪಕ್ಕೆ ಹೊರಗೆ ಬರುವವನು.

ಊಟದ ಕ್ರಮವೂ ಬದಲಾಯಿತು. ಆಮೆಗೆಂದೇ ಸಿಗುವ ಕಾಳಿನಂಥ ಆಹಾರ ಒಂದು ಪಾಲು. ತುರಿದ ಕ್ಯಾರೆಟ್, ಸಿಹಿಗುಂಬಳ, ನುಗ್ಗೆ ಸೊಪ್ಪು, ದಾಸವಾಳದ ಎಲೆ ಇನ್ನೊಂದು ಪಾಲು. ಪಾಲಕ್, ಬಸಳೆ ದಿನವೂ ಆಗದು. ಅವುಗಳಲ್ಲಿರುವ ಆಮ್ಲ ಸುಣ್ಣವನ್ನು ಕಟ್ಟಿಹಾಕುತ್ತದೆ. ಸುಣ್ಣಕ್ಕೆ ನಾನು ಅಂಗಡಿಗೆ ಹೋಗಲಿಲ್ಲ. ಕಾಪುವಿನ ದೀಪಸ್ತಂಭದ ಕೆಳಗಿನ ಮರಳಿನಲ್ಲಿ ಅಲೆ ತಂದು ಹಾಕಿದ ಸಮುದ್ರಫೇನ ಸಿಗುತ್ತದೆ. ನೊರೆ ಎಂದು ಹೆಸರು, ನಿಜಕ್ಕೆ ಅದು ಕಪ್ಪೆ ಬೊಂಡಾಸಿನ ಬೆನ್ನೆಲುಬಿನಂಥ ಬಿಳಿ ಹಲಗೆ. ಚೆನ್ನಾಗಿ ತೊಳೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಒಣಗಿಸಿ ಹಾಕಿದರೆ ರಾಜ ಅದನ್ನು ಕಟುಕುಟು ಕಡಿಯುತ್ತಾನೆ. ಎರೆಹುಳ ಕೊಡುವ ವಿಷಯದಲ್ಲಿ ಮಾತ್ರ ನನಗೂ ನನ್ನ ಮನಸ್ಸಿಗೂ ಬಹಳ ದಿನ ಜಗಳ ನಡೆಯಿತು. ಮರಿ ಬೆಳೆಯುವಾಗ ಮಾಂಸಾಹಾರ ಬೇಕೇ ಬೇಕು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: “ನಿನ್ನ ವ್ರತ ನಿನಗೆ. ಅದರ ಬಾಯಿಗೆ ನೀನು ವ್ರತ ಕಟ್ಟಬೇಡ.”

ಒಂದು ಮಾತು ಇಲ್ಲಿಯೇ ಹೇಳುತ್ತೇನೆ. ಆಮೆಯ ಮೈಯಲ್ಲಿ, ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆಮೆಗೆ ಅದರಿಂದ ತೊಂದರೆ ಕಾಣುವುದಿಲ್ಲ, ಮಕ್ಕಳಿಗೆ ವಾಂತಿ ಭೇದಿ ಬರುತ್ತದೆ. ಅಮೆರಿಕದಲ್ಲಿ ಇದೇ ಕಾರಣಕ್ಕೆ 1975ರಲ್ಲಿಯೇ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು ನಿಲ್ಲಿಸಿದರು. ಆಮೆಯ ಪಾತ್ರೆ ಅಡುಗೆಮನೆಗೆ ಬರಬಾರದು, ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಬೇಕು. ನಮ್ಮ ಮಡಿಯ ಅಭ್ಯಾಸ ಇದೊಂದು ಕಡೆ ಉಪಯೋಗಕ್ಕೆ ಬಂತು.

ಇಷ್ಟೆಲ್ಲ ಮಾಡಿದ ನಾನು 2018ರ ಮೇ ತಿಂಗಳಲ್ಲಿ ಒಂದು ಕೆಲಸಕ್ಕೆ ಹೊರಟೆ. ಅದನ್ನು ಬರೆಯದೆ ಇದ್ದರೆ ಈ ಲೇಖನ ಸುಳ್ಳಾಗುತ್ತದೆ.

ಆ ವರ್ಷ ಅತ್ತೆ ಹಾಸಿಗೆ ಹಿಡಿದಿದ್ದರು. ಮಗಳು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಳು. ಬೇಸಿಗೆಯ ಕೊನೆಗೆ ಕಡಲ ಹತ್ತಿರದ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಕುಡಿಯುವ ನೀರನ್ನು ಹೊತ್ತು ತರುವ ದಿನಗಳಲ್ಲಿ ಆಮೆಗೆ ನೂರಿಪ್ಪತ್ತು ಲೀಟರ್ ಸಿಹಿನೀರು ಎಲ್ಲಿಂದ ತರಲಿ? ಬದಲಿಸದಿದ್ದರೆ ಎರಡೇ ದಿನದಲ್ಲಿ ವಾಸನೆ. ರಾಜ ಬೇರೆ ಅಂಗೈಯಗಲ ದಾಟಿ ಬೆಳೆದಿದ್ದ. ಗಾಜಿನ ತೊಟ್ಟಿಯಲ್ಲಿ ನಾಲ್ಕು ಸಲ ಕೈ ಬೀಸಿದರೆ ಗೋಡೆ. ತಿರುಗಿ ನಾಲ್ಕು ಸಲ ಬೀಸಿದರೆ ಮತ್ತೆ ಗೋಡೆ. ಚಿಪ್ಪಿನ ಪ್ರತಿ ಇಂಚು ಉದ್ದಕ್ಕೆ ಸುಮಾರು ನಲವತ್ತು ಲೀಟರ್ ನೀರು ಬೇಕೆಂಬುದು ಸಾಮಾನ್ಯ ಲೆಕ್ಕ. ಅವನ ಚಿಪ್ಪು ಆಗಲೇ ಐದೂವರೆ ಇಂಚು. ರಾತ್ರಿ ಅತ್ತೆಯ ಬಟ್ಟೆ ಬದಲಿಸಿ ಬಂದು ಮಲಗಿದರೆ, ಗಾಜಿಗೆ ಉಗುರು ಕೆರೆಯುವ ಸದ್ದು. ಆ ಸದ್ದು ನನ್ನ ತಲೆಯೊಳಗೇ ಆಗುತ್ತಿತ್ತು.

ಪ್ರಾಣಿಗಳನ್ನು ಸಾಕುವ ಒಂದು ಕಡೆಗೆ ಫೋನು ಮಾಡಿದೆ. ಜಾಗವಿಲ್ಲ ಎಂದರು. ಶಾಲೆಯಲ್ಲಿ ಸಹೋದ್ಯೋಗಿಗಳು, “ಯಾವುದಾದರೂ ಕೆರೆಗೆ ಬಿಡಿ, ಪುಣ್ಯ ಬರ್ತದೆ. ಎಷ್ಟಾದರೂ ಕೂರ್ಮಾವತಾರ,” ಎಂದರು. ಆ ಮಾತು ನನಗೆ ಇಷ್ಟವಾಯಿತು.

ಒಂದು ಭಾನುವಾರ ಮುಚ್ಚಳದ ಬಕೆಟಿನಲ್ಲಿ ರಾಜನನ್ನು ಹಾಕಿಕೊಂಡು ಹೊರಟೆ. ಪಡುಬಿದ್ರಿಯಲ್ಲಿ ಇಳಿದು ಬೆಳ್ಮಣ್, ನಿಟ್ಟೆ ದಾರಿಯ ಕಾರ್ಕಳ ಬಸ್ಸು. ಕಂಡಕ್ಟರ್, “ಎಂಥ ಟೀಚರೇ, ಮೀನಾ?” ಎಂದು ಕೇಳಿದ. “ಹೌದು,” ಎಂದುಬಿಟ್ಟೆ. ಸಸ್ಯಾಹಾರಿಯಾದ ನಾನು ಮೀನು ಒಯ್ಯುತ್ತೇನೆಂದು ಹೇಳಿದ್ದು ಅದೇ ಮೊದಲು. ಸುಳ್ಳು ಯಾಕೆ ಬಾಯಿಗೆ ಬಂತೆಂದು ಆಗ ಯೋಚಿಸಲಿಲ್ಲ.

ಅಣ್ಣ ಆನೆಕೆರೆಯ ತನಕ ಜೊತೆಗೆ ಬಂದ. ಬೇಸಿಗೆಯಾದ್ದರಿಂದ ನೀರು ಕೆಳಗಿಳಿದಿತ್ತು. ನಡುವಿನ ಬಸದಿ ಎತ್ತರದಲ್ಲಿ ನಿಂತಿತ್ತು. ಚಿಕ್ಕಂದಿನಲ್ಲಿ ನಾವು ಕಲ್ಲು ಎಸೆದು ಆಡಿದ ಕೆರೆ. ಬಕೆಟಿನ ಮುಚ್ಚಳ ತೆಗೆದು ರಾಜನನ್ನು ದಡದ ಮಣ್ಣಿನ ಮೇಲಿಟ್ಟೆ. ಓಡಿ ನೀರಿಗೆ ಬೀಳುತ್ತಾನೆ, ನಾನು ಕೈಮುಗಿದು ತಿರುಗಿ ಹೋಗುತ್ತೇನೆ ಎಂದುಕೊಂಡಿದ್ದೆ. ಅವನು ನೀರಿನ ಕಡೆ ನೋಡಲಿಲ್ಲ. ಕುತ್ತಿಗೆ ಚಾಚಿ, ನನ್ನ ಕೈಯ ಹತ್ತಿರ ಬಂದು ಬಾಯಿ ತೆರೆದ. ಸಂಜೆ ಐದು ಗಂಟೆ, ಅವನ ಊಟದ ಹೊತ್ತು.

ಅಣ್ಣ ಸ್ವಲ್ಪ ಹೊತ್ತು ನೋಡಿ ಹೇಳಿದ, “ನಮ್ಮ ತೋಡಿನಲ್ಲಿ ಮೊದಲು ಮುಗುಡು ಎಷ್ಟಿತ್ತು ನೆನಪುಂಟಾ? ಯಾರೋ ಆಫ್ರಿಕಾದ ಮುಗುಡು ತಂದು ಸಾಕಿದರು. ಸರ್ಕಾರ ಬೇಡ ಅಂತ ಹೇಳಿದರೂ ಸಾಕಿದರು. ಮಳೆಗೆ ಹೊಂಡ ಉಕ್ಕಿ ತೋಡಿಗೆ ಬಂತು. ಈಗ ಸಿಕ್ಕುವುದೆಲ್ಲ ಅದೇ. ಇದು ಎಲ್ಲಿಯದ್ದು ಅಂತ ಹೇಳಿದೆ?”

“ಅಮೆರಿಕದ್ದು,” ಎಂದೆ. ಅಣ್ಣ ಮತ್ತೇನೂ ಹೇಳಲಿಲ್ಲ.

ನಾನು ತರಗತಿಯಲ್ಲಿ ಮಕ್ಕಳಿಗೆ ಕಾಂಗ್ರೆಸ್ ಕಳೆಯ ಪಾಠ ಮಾಡುವವಳು. ಹೊರಗಿನಿಂದ ಬಂದ ಗಿಡ ನಮ್ಮ ಹೊಲಗಳನ್ನು ಹೇಗೆ ಆಕ್ರಮಿಸಿತು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು. ಲೋಕದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರೂ ಇದೆ, ಯುರೋಪಿನ ದೇಶಗಳು 1997ರಲ್ಲಿಯೇ ಇದನ್ನು ತರಿಸುವುದನ್ನು ನಿಷೇಧಿಸಿದವು ಎಂದು ಮಗಳು ಹೇಳಿದ್ದಳು. ಕೇಳಿ ಮರೆತಿದ್ದೆ. ಮರೆತಿದ್ದೆ ಎನ್ನುವುದೂ ಸರಿಯಲ್ಲ, ಮರೆಯಲು ನನಗೆ ಅನುಕೂಲವಿತ್ತು. ನಮ್ಮ ಕೆರೆಗಳ ಕರಿಯಾಮೆಗೆ ಸಿಗುವ ತಿಂಡಿ, ಬಿಸಿಲಿನ ಬಂಡೆ ಎಲ್ಲಕ್ಕೂ ಇದು ಪಾಲಿಗೆ ಬರುತ್ತದೆ, ರೋಗವನ್ನೂ ತರಬಹುದು. ಇಲ್ಲವೇ ಮನುಷ್ಯರ ಕೈ ಕಂಡರೆ ಹತ್ತಿರ ಬರುವ ಈ ಪ್ರಾಣಿ ಎರಡೇ ದಿನದಲ್ಲಿ ಯಾರದೋ ಗಾಳಕ್ಕೋ ನಾಯಿಯ ಬಾಯಿಗೋ ಬೀಳುತ್ತದೆ.

ಆದರೆ ಆ ದಡದಲ್ಲಿ ನನ್ನನ್ನು ಚುಚ್ಚಿದ್ದು ಈ ತಿಳಿವಳಿಕೆಯಲ್ಲ. ಬೇಡವಾದದ್ದನ್ನು ಮನೆಯಿಂದ ಸಾಗಿಸಲು ಹೊರಟಿದ್ದೆ. ಮೇಲಿಂದ ಪುಣ್ಯವೂ ಬೇಕಿತ್ತು. ಬಸ್ಸಿನಲ್ಲಿ ಸುಳ್ಳು ಹೇಳಿದ ಬಾಯಿಗೆ ಅದು ಮೊದಲೇ ಗೊತ್ತಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯ ಮುಖ ಯಾಕೋ ಕಣ್ಣ ಮುಂದೆ ಬಂತು. ರಾಜನನ್ನು ಬಕೆಟಿಗೆ ಹಾಕಿಕೊಂಡು ಕೊನೆಯ ಬಸ್ಸಿನಲ್ಲಿ ತಿರುಗಿ ಬಂದೆ. ಅತ್ತೆ ಎಚ್ಚರವಾಗಿದ್ದರು. “ತಂದೆಯಾ?” ಎಂದರು. “ತಂದೆ,” ಎಂದೆ. “ಅದಕ್ಕೆ ಸರಿಯಾದ ಒಂದು ತೊಟ್ಟಿ ಕಟ್ಟಿಸು. ನಿನಗೂ ನಿದ್ದೆ ಬರ್ತದೆ,” ಎಂದರು. ಆ ವರ್ಷದ ದೀಪಾವಳಿಗೆ ಅವರು ಇರಲಿಲ್ಲ.

2019ರ ಜನವರಿಯಲ್ಲಿ ಹಿತ್ತಿಲಲ್ಲಿ ತೊಟ್ಟಿ ಕಟ್ಟಿಸಿದೆವು. ಮುರಕಲ್ಲಿನ ಗೋಡೆ, ಒಳಗೆ ಸಿಮೆಂಟಿನ ಗಿಲಾವು. ಐದು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಆಳ. ಒಂದೂವರೆ ಅಡಿ ನೀರು ನಿಲ್ಲಿಸಿದರೆ ಆರುನೂರು ಲೀಟರಿಗೂ ಮೇಲೆ. ಮೇಸ್ತ್ರಿ ಮೀನಿನ ತೊಟ್ಟಿ ಎಂದುಕೊಂಡಿದ್ದ. ಆಮೆಗೆ ಎಂದಾಗ ಕರಣೆ ಕೆಳಗಿಟ್ಟು, “ಟೀಚರೇ, ನನ್ನ ಮನೆಯ ಬಚ್ಚಲು ಇಷ್ಟು ದೊಡ್ಡ ಇಲ್ಲ,” ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಕೆಲಸವನ್ನು ಮನಸ್ಸಿಟ್ಟು ಮಾಡಿದ. ಗೋಡೆಯ ಮೇಲಂಚನ್ನು ನಾಲ್ಕು ಬೆರಳು ಒಳಕ್ಕೆ ಚಾಚಿಸಿದ್ದು ಅವನದೇ ಉಪಾಯ. ಆಮೆ ಮೂಲೆ ಹಿಡಿದು ಹತ್ತಿ ಪರಾರಿಯಾಗುವುದರಲ್ಲಿ ಬಹಳ ಗಟ್ಟಿ.

ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತದೆ, ಅದು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಬಾಳೆದಿಂಡಿನ ತುಂಡು ಹಾಕಿ ನೀರು ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ಮೂರು ವಾರ ಕಳೆದ ಮೇಲೆಯೇ ರಾಜನ ಗೃಹಪ್ರವೇಶ. ಅರ್ಧ ತೊಟ್ಟಿಗೆ ಬೆಳಗಿನ ಬಿಸಿಲು, ಇನ್ನರ್ಧಕ್ಕೆ ಮಾವಿನ ನೆರಳು. ಹತ್ತಿ ಕೂರಲು ಇಳಿಜಾರಿನ ಕಲ್ಲು, ಅಡಗಲು ಒಂದು ಜೋಡಿ ಹೆಂಚು. ಕಾಗೆ, ಬೆಕ್ಕು, ಕೀರಿಗಳಿಂದ ಕಾಯಲು ಮೇಲೆ ಕಬ್ಬಿಣದ ಜಾಲರಿ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಾಗಾಗಿ ತುಂಬಿದ ನೀರು ಹೊರಗೆ ಹರಿಯಲು ಮೇಲೊಂದು ಪೈಪು, ಅದರ ಬಾಯಿಗೆ ಬಲೆ. ಅಡಿಯಲ್ಲಿ ಇನ್ನೊಂದು ಪೈಪು. ಅದನ್ನು ತೆರೆದರೆ ಹಳೆಯ ನೀರು ತೆಂಗಿನ ಕಟ್ಟೆಗೂ ಮಲ್ಲಿಗೆಯ ಬುಡಕ್ಕೂ ಹೋಗುತ್ತದೆ. ಮಳೆಗಾಲದಲ್ಲಿ ಮಾಡಿನ ನೀರನ್ನು ದೊಡ್ಡ ಟ್ಯಾಂಕಿಗೆ ಹಿಡಿದಿಟ್ಟು ಮೇ ತಿಂಗಳಿಗೆ ಉಳಿಸುವ ಏರ್ಪಾಡೂ ಆಗ ಆಯಿತು. ಅದರಿಂದ ನಮಗೂ ಉಪಕಾರವಾಯಿತು. ಹೆಚ್ಚು ನೀರು ಇದ್ದಷ್ಟು ಬೇಗ ಕೊಳೆಯಾಗುವುದಿಲ್ಲ ಎಂಬುದು ತೊಟ್ಟಿ ಕಟ್ಟಿದ ಮೇಲೆ ಕಂಡ ಸತ್ಯ. ಸಣ್ಣ ತೊಟ್ಟಿಯಲ್ಲಿ ಉಳಿಸಿದೆ ಎಂದುಕೊಂಡ ನೀರನ್ನೆಲ್ಲ ನಾನು ಕಳೆದೇ ಇದ್ದೆ.

2020ರ ಲಾಕ್‌ಡೌನಿನಲ್ಲಿ ಆಮೆಯ ಕಾಳು ಸಿಗದೆ ಹೋಯಿತು. ಎರೆಹುಳ, ನುಗ್ಗೆ, ದಾಸವಾಳದಲ್ಲಿ ಎರಡು ತಿಂಗಳು ದೂಡಿದೆವು. ದೊಡ್ಡದಾದ ಮೇಲೆ ಸೊಪ್ಪೇ ಹೆಚ್ಚು ತಿನ್ನುವುದು ಇದರ ಸ್ವಭಾವವಾದ್ದರಿಂದ ನನ್ನ ಮನಸ್ಸಿನ ಜಗಳವೂ ತಣ್ಣಗಾಗುತ್ತ ಬಂತು.

ಮರುವರ್ಷ ಫೆಬ್ರವರಿಯಲ್ಲಿ ರಾಜ ಇದ್ದಕ್ಕಿದ್ದಂತೆ ಊಟ ಬಿಟ್ಟ. ಹಗಲೂ ರಾತ್ರಿ ಗೋಡೆ ಕೆರೆಯುವುದು, ಹಿಂಗಾಲಿನಿಂದ ಕಲ್ಲನ್ನು ತೋಡುವುದು. ಮತ್ತೆ ಬಕೆಟ್, ಮತ್ತೆ ಬಸ್ಸು. ಈ ಸಲ ಕಂಡಕ್ಟರ್ ಕೇಳಿದಾಗ ಆಮೆ ಎಂದೇ ಹೇಳಿದೆ. ಡಾಕ್ಟರು ಮುಂಗಾಲಿನ ಉಗುರು ನೋಡಿದರು. “ಗಂಡಾಗಿದ್ದರೆ ಉಗುರು ಉದ್ದ ಇರ್ತದೆ. ಇದು ಹೆಣ್ಣು ಟೀಚರ್. ಹೊಟ್ಟೆಯಲ್ಲಿ ಮೊಟ್ಟೆ ಉಂಟು. ಇಡಲು ಮಣ್ಣು ಹುಡುಕ್ತಾ ಉಂಟು. ಸಿಗದಿದ್ದರೆ ಒಳಗೇ ಉಳಿದು ಪ್ರಾಣಕ್ಕೆ ಅಪಾಯ,” ಎಂದರು. ಗಂಡು ಇಲ್ಲದೆಯೂ ಹೆಣ್ಣಾಮೆ ಮೊಟ್ಟೆ ಇಡುತ್ತದಂತೆ, ಊರಿನ ಕೋಳಿಯ ಹಾಗೆ. ಅದರಲ್ಲಿ ಮರಿ ಇರುವುದಿಲ್ಲ.

ಐದು ವರ್ಷ ಅವಳನ್ನು ರಾಜ ಎಂದು ಕರೆದ ಮನೆ ನಮ್ಮದು! ಅದೇ ದಿನ ಇವರು ಹಳೆಯ ಅಗಲದ ಪೆಟ್ಟಿಗೆಯೊಂದಕ್ಕೆ ಮಣ್ಣು ಮರಳು ಬೆರೆಸಿ ಒಂದಡಿ ತುಂಬಿಸಿ, ನೀರು ಚಿಮುಕಿಸಿ, ತೊಟ್ಟಿಯಿಂದ ಅಲ್ಲಿಗೆ ಹಲಗೆಯ ದಾರಿ ಮಾಡಿದರು. ಎರಡು ದಿನ ಅವಳು ಬಂದು ಮೂಸಿ ಹೋದಳು. ಮೂರನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಟಾರ್ಚು ಹಿಡಿದು ಹೋದರೆ ಹಿಂಗಾಲಿನಿಂದ ಗುಳಿ ತೋಡುತ್ತಿದ್ದಳು. ಒಂದು ಕಾಲು, ಮತ್ತೆ ಇನ್ನೊಂದು ಕಾಲು, ಸ್ವಲ್ಪವೂ ಗಡಿಬಿಡಿಯಿಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಾವಿಬ್ಬರೂ ದೀಪ ಆರಿಸಿ ದೂರ ನಿಂತೆವು. ಬೆಳಗ್ಗೆ ನೋಡಿದರೆ ಗುಳಿ ಮುಚ್ಚಿ, ಮೇಲಿನ ಮಣ್ಣನ್ನು ಹೊಟ್ಟೆಯಿಂದ ಒತ್ತಿ ಸಮ ಮಾಡಿ, ಏನೂ ಆಗದವಳಂತೆ ಬಿಸಿಲಿನ ಕಲ್ಲಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಬಗೆದಾಗ ಏಳು ಬಿಳಿ ಮೊಟ್ಟೆ. ಮರಿಯಾಗದ ಮೊಟ್ಟೆಗಳಿಗೆ ಇಷ್ಟು ಜತನ ಮಾಡಿದ್ದಳಲ್ಲ ಎಂದು ನನಗೆ ಗಂಟಲು ಕಟ್ಟಿತು. ಅಂದು ಆನೆಕೆರೆಗೆ ಬಿಟ್ಟಿದ್ದರೆ, ಇವಳಂತೆಯೇ ಯಾರೋ ಬಿಟ್ಟ ಒಂದು ಗಂಡು ಅಲ್ಲಿ ಸಿಕ್ಕಿದ್ದರೆ, ಈ ಏಳೂ ಮರಿಯಾಗುತ್ತಿದ್ದವು. ಮಣ್ಣಿನ ಪೆಟ್ಟಿಗೆ ಈಗ ಶಾಶ್ವತವಾಗಿ ಅಲ್ಲಿಯೇ ಇದೆ. ಹೆಸರು ಮಾತ್ರ ಬದಲಾಗಲಿಲ್ಲ. ರಾಜ ಎಂದರೇ ಅವಳು ತಲೆ ಎತ್ತುವುದು.

ಕಳೆದ ವರ್ಷ ನನ್ನ ಎಂಟನೆಯ ತರಗತಿಯ ಹುಡುಗನೊಬ್ಬ, “ಟೀಚರ್, ಹುಟ್ಟುಹಬ್ಬಕ್ಕೆ ಅಪ್ಪ ಆಮೆ ತೆಗೆಸಿಕೊಡ್ತಾರೆ. ಅಂಗಡಿಯಲ್ಲಿ ಇಷ್ಟೇ ಉಂಟು,” ಎಂದು ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ತೋರಿಸಿದ. ಬುದ್ಧಿ ಹೇಳಬೇಕೆಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಶನಿವಾರ ಅಪ್ಪನ ಜೊತೆ ಮನೆಗೆ ಬಾ ಎಂದೆ. ಬಂದರು. ಹುಡುಗ ಚೀಲದಿಂದ ಸ್ಕೇಲು ತೆಗೆದು ರಾಜಳ ಬೆನ್ನು ಅಳೆದ: 24 ಸೆಂಟಿಮೀಟರ್. “ಇಷ್ಟು ದೊಡ್ಡ ಆಗ್ತದಾ ಟೀಚರ್?” ಎಂದ. ಇನ್ನೂ ಸ್ವಲ್ಪ ಆಗಬಹುದು ಎಂದೆ. “ಎಷ್ಟು ವರ್ಷ ಬದುಕ್ತದೆ?” ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷ, ಅದಕ್ಕೂ ಮೇಲೆ. ಅಪ್ಪ ತೊಟ್ಟಿ, ಜಾಲರಿ, ದೀಪ ಎಲ್ಲ ನೋಡಿ ಖರ್ಚು ಕೇಳಿದರು. ಪ್ರಾಮಾಣಿಕವಾಗಿ ಹೇಳಿದೆ. ಹುಡುಗ ಹುಟ್ಟುಹಬ್ಬಕ್ಕೆ ಸೈಕಲ್ ತೆಗೆಸಿಕೊಂಡ. ಈಗಲೂ ಕೆಲವು ಶನಿವಾರ ಅದೇ ಸೈಕಲಿನಲ್ಲಿ ದಾಸವಾಳದ ಹೂ ತಂದು ರಾಜಳಿಗೆ ಹಾಕಿ, ಕೈ ತೊಳೆದು ಹೋಗುತ್ತಾನೆ.

ಆ ಹುಡುಗನಿಗೆ ಹೇಳಿದ ಮೂವತ್ತು ವರ್ಷದ ಲೆಕ್ಕ ಆಮೇಲೆ ನನ್ನನ್ನೇ ಕಾಡಿತು. ರಾಜಳಿಗೆ ಈಗ ಹತ್ತೋ ಹನ್ನೊಂದೋ. ನನಗೆ ಐವತ್ತೇಳು. ನಿವೃತ್ತಿಗೆ ಮೂರು ವರ್ಷ. ಮಗಳು ಬೆಂಗಳೂರಿನಲ್ಲಿ ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದಾಳೆ. “ಅಮ್ಮ, ನಾನು ತಂದದ್ದು, ನನ್ನದೇ ಜವಾಬ್ದಾರಿ,” ಎನ್ನುತ್ತಾಳೆ. ಎಲ್ಲಿ ಇಡುತ್ತೀ ಎಂದರೆ ಸುಮ್ಮನಾಗುತ್ತಾಳೆ. ಕೊನೆಗೆ ಅಣ್ಣನ ಮಗ ಒಪ್ಪಿದ. ಕಾರ್ಕಳದ ಮನೆಯಲ್ಲಿ ದನಗಳಿಲ್ಲದ ಹಟ್ಟಿ ಖಾಲಿ ಬಿದ್ದಿದೆ, ಅಲ್ಲಿ ಜಾಗವಿದೆ ಎಂದ. ಬಾವಿಗೆ ಮಾತ್ರ ಬಿಡಬೇಡ ಎಂದು ಅವನಿಂದ ಭಾಷೆ ತೆಗೆದುಕೊಂಡಿದ್ದೇನೆ.

ಮನೆಯ ಕಾಗದಪತ್ರ, ವಿಮೆಯ ಪಾಲಿಸಿಗಳಿರುವ ಕಪಾಟಿನಲ್ಲಿ ಈಗ ನನ್ನ ಕೈಬರಹದ ಎರಡು ಹಾಳೆ ಇದೆ. ದೀಪ ಬದಲಿಸುವ ತಿಂಗಳು, ಕೊಡಬಾರದ ಸೊಪ್ಪು, ಮಣ್ಣಿನ ಪೆಟ್ಟಿಗೆಯನ್ನು ಜನವರಿಯಿಂದ ತೇವವಾಗಿಡಬೇಕಾದ ವಿಷಯ, ಡಾಕ್ಟರ ನಂಬರು, ಯಾವ ಕಾರಣಕ್ಕೂ ಯಾವ ಕೆರೆಗೂ ಬಿಡಕೂಡದೆಂಬ ಮಾತು, ಎಲ್ಲ ಬರೆದಿದ್ದೇನೆ. ಇವರು ಓದಿ, “ನನ್ನ ಬಗ್ಗೆ ಇಷ್ಟು ಬರೆದಿದ್ದೀಯಾ?” ಎಂದು ಕೇಳಿದರು. ನೀವು ಕೇಳಿದ್ದನ್ನು ಬಾಯಿಬಿಟ್ಟು ಹೇಳುತ್ತೀರಿ, ಅವಳು ಹೇಳುವುದಿಲ್ಲ ಎಂದೆ.

ನಾಳೆ ಭಾನುವಾರ. ತೊಟ್ಟಿಯ ನೀರು ಬದಲಿಸುವ ದಿನ. ಬೇಗ ಏಳಬೇಕು, ಬಿಸಿಲೇರಿದ ಮೇಲೆ ಅವಳು ಕಲ್ಲಿನ ಮೇಲೆ ಕುಳಿತುಬಿಟ್ಟರೆ ಎಬ್ಬಿಸಲು ನನಗೆ ಮನಸ್ಸು ಬರುವುದಿಲ್ಲ.